ಕ್ಯಾಂಪಸ್ಸಿನಲ್ಲಿ ಜಾತಿ ತಾರತಮ್ಯ: ದೂರು ಬರೆಯುವುದು ಹೇಗೆ, ಎಲ್ಲಿಗೆ ಕೊಡುವುದು, ಆಮೇಲೇನು

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕೊಟ್ಟ ಜಾತಿ ತಾರತಮ್ಯದ ದೂರುಗಳು ಬಿದ್ದುಹೋಗುವುದಕ್ಕೆ ಎರಡು ಕಾರಣ ಮತ್ತೆ ಮತ್ತೆ ಕಾಣುತ್ತವೆ. ಘಟನೆ ನಡೆದ ಮೊದಲ ವಾರದಲ್ಲಿ ಒಂದು ಸಾಲೂ ಬರಹಕ್ಕೆ ಇಳಿದಿರುವುದಿಲ್ಲ. ಇಲ್ಲವೇ ಬರೆದದ್ದು ಅಧಿಕಾರವೇ ಇಲ್ಲದ ಮೇಜಿಗೆ ಹೋಗಿ ಅಲ್ಲೇ ಕೂತಿರುತ್ತದೆ. ಎರಡನ್ನೂ ತಪ್ಪಿಸಬಹುದು. ಕರ್ನಾಟಕದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಹಿಂದುಳಿದ ವರ್ಗದವರಿಗೆ ದಾರಿ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನೂ ಅಲ್ಲಲ್ಲಿ ಹೇಳಿದೆ.

ಒಂದು ಮಾತು ಮೊದಲೇ. ಊಟ, ನಿದ್ದೆ ಬಿಟ್ಟುಹೋಗಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ದೂರು ನಾಳೆಗಿರಲಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿ ಕೋಣೆಯಲ್ಲಿ ಒಬ್ಬರೇ ಇರಬೇಡಿ. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ, 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ, ಜಾತಿ ಕಿರುಕುಳದ ಆರೋಪಗಳ ನಡುವೆ ತೀರಿಹೋದರು. ಮುಂದೆ ಹೇಳುವ ವ್ಯವಸ್ಥೆ ಕಾಗದದ ಮೇಲಷ್ಟೇ ಉಳಿದರೆ ಏನಾಗುತ್ತದೆ ಎಂಬುದು ಆ ಎರಡು ಸಾವುಗಳಿಂದ ದೇಶಕ್ಕೆಲ್ಲ ತಿಳಿದಿದೆ.

ನಿಯಮ ಯಾವುದನ್ನು ತಾರತಮ್ಯ ಎನ್ನುತ್ತದೆ

ಜಾತಿ ಹೆಸರು ಹಿಡಿದು ಬೈದರೆ ಮಾತ್ರ ದೂರು ಕೊಡಬಹುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2012ರ ಸಮಾನತೆ ಉತ್ತೇಜನ ನಿಯಮಾವಳಿಯಲ್ಲಿ ಪಟ್ಟಿಯೇ ಇದೆ. ತರಗತಿಯಲ್ಲಿ ಎಲ್ಲರೆದುರು ಜಾತಿ ಹೇಳುವುದು, 'ರಿಸರ್ವೇಶನ್‌ನವರು' ಎಂದು ಹಣೆಪಟ್ಟಿ ಕಟ್ಟುವುದು, ಅಂಕ ಕಡಿಮೆ ಬಂದದ್ದಕ್ಕೆ ಜಾತಿಯನ್ನೇ ಕಾರಣವಾಗಿ ಆಡುವುದು, ಲ್ಯಾಬಿನಲ್ಲಿ ಕೆಲಸ ಕೊಡದೆ ಸುಮ್ಮನೆ ನಿಲ್ಲಿಸುವುದು, ಉಳಿದವರಿಗೆ ಸಿಗುವಷ್ಟು ಹೊತ್ತು ಅಧ್ಯಾಪಕರು ಸಿಗದಿರುವುದು, ಫಲಿತಾಂಶ ತಡೆಹಿಡಿಯುವುದು, ಹಾಸ್ಟೆಲು, ಮೆಸ್ಸು, ಓದುವ ಕೋಣೆಯಲ್ಲಿ ಬೇರೆ ಕೂರಿಸುವುದು ಎಲ್ಲ ಅದರಲ್ಲಿವೆ. ದೂರು ಬರೆಯುವಾಗ ನಿಮ್ಮ ಅನುಭವ ಈ ಪಟ್ಟಿಯ ಯಾವುದಕ್ಕೆ ಹೊಂದುತ್ತದೆ ಎಂದು ನೋಡಿ ಅದೇ ಮಾತನ್ನು ಬಳಸಿ. 'ಮಾನಸಿಕ ಕಿರುಕುಳ' ಎಂದಷ್ಟೇ ಬರೆದರೆ ಸಮಿತಿ ಅದನ್ನು ಗುರು ಶಿಷ್ಯರ ಮನಸ್ತಾಪ ಎಂದು ಮುಗಿಸಿಬಿಡುತ್ತದೆ.

2026ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮಾವಳಿ ಹೊರಡಿಸಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿದು, ಸದ್ಯಕ್ಕೆ 2012ರದ್ದೇ ನಡೆಯಲಿ ಎಂದಿತು. ದೂರಿನಲ್ಲಿ ನಿಯಮದ ವರ್ಷ ನಮೂದಿಸುವ ಮುನ್ನ, ಆ ದಿನ ಯಾವುದು ಜಾರಿಯಲ್ಲಿದೆ ಎಂದು ಯುಜಿಸಿ ಜಾಲತಾಣದಲ್ಲಿ ನೋಡಿಕೊಳ್ಳಿ.

ಅದೇ ದಿನ, ಅದೇ ರಾತ್ರಿ ಬರೆದಿಡಿ

ಒಂದು ನೂರು ಪುಟದ ಹೊಲಿದ ನೋಟ್‌ಬುಕ್ ಸಾಕು. ಹಾಳೆ ಕೀಳಲು ಬರುವ ಸ್ಪೈರಲ್ ಪುಸ್ತಕ ಬೇಡ, ಆಮೇಲೆ ಸೇರಿಸಿದ್ದು ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಪುಟಗಳಿಗೆ ಸಂಖ್ಯೆ ಹಾಕಿ. ಘಟನೆ ನಡೆದ ದಿನವೇ, ಆಡಿದ ಮಾತು ಯಾವ ಭಾಷೆಯಲ್ಲಿತ್ತೋ ಆ ಭಾಷೆಯಲ್ಲೇ ಬರೆಯಿರಿ. ಹೀಗೆ:

'ಮಂಗಳವಾರ, ಬೆಳಿಗ್ಗೆ ಸುಮಾರು 11:20. ಮೊದಲ ಮಹಡಿಯ ಲ್ಯಾಬ್. ಸುಮಾರು 18 ಜನ ಇದ್ದರು. ನಾನು ಟೈಟ್ರೇಶನ್ ಮರಳಿ ಮಾಡಲು ಬ್ಯುರೆಟ್ ಕೇಳಿದೆ. ಸರ್ ಎಲ್ಲರಿಗೂ ಕೇಳುವಂತೆ "ಕೋಟಾದಲ್ಲಿ ಬಂದವರಿಗೆ ಎಷ್ಟು ಸಲ ಕೊಟ್ಟರೂ ಅಷ್ಟೇ" ಎಂದರು. ಪಕ್ಕದ ಮೇಜಿನಲ್ಲಿ ಇಬ್ಬರು ಸಹಪಾಠಿಗಳೂ ಲ್ಯಾಬ್ ಅಟೆಂಡರ್ ಕೂಡ ಇದ್ದರು. ನನ್ನ ನಂತರ ಕೇಳಿದ ಇಬ್ಬರಿಗೆ ಕೊಟ್ಟರು. ನಾನು 12:30ರವರೆಗೆ ಕೆಲಸವಿಲ್ಲದೆ ನಿಂತಿದ್ದೆ.'

ಈ ಬರಹದಲ್ಲಿ ದಿನ, ಹೊತ್ತು, ಜಾಗ, ಆಡಿದ ಮಾತು, ಕೇಳಿಸಿಕೊಂಡವರು ಇದ್ದಾರೆ. ಇನ್ನೂ ಮುಖ್ಯವಾಗಿ, ಬೇರೆಯವರಿಗೆ ಸಿಕ್ಕಿದ್ದು ನಿಮಗೆ ಸಿಗಲಿಲ್ಲ ಎಂಬ ಹೋಲಿಕೆ ಇದೆ. ತಾರತಮ್ಯದ ಜೀವಾಳ ಆ ಹೋಲಿಕೆಯೇ. 'ಸರ್ ಎಲ್ಲರಿಗೂ ಬೈಯುತ್ತಾರೆ' ಎಂಬ ಉತ್ತರ ನಾಳೆ ಬರುವುದು ಖಂಡಿತ. ಅದಕ್ಕೆ ಎದುರು ನಿಲ್ಲುವುದು ಈ ಒಂದು ಸಾಲು. ಸಾಕ್ಷಿಗಳ ಹೆಸರನ್ನೂ ಪುಸ್ತಕದಲ್ಲಿ ಬರೆದಿಡಿ. ಆದರೆ ಅವರನ್ನು ಕೇಳದೆ ದೂರಿನಲ್ಲಿ ಹಾಕಬೇಡಿ. ವಿಚಾರಣೆಯಲ್ಲಿ ಹೆದರಿ ಹಿಂದೆ ಸರಿದ ಸಾಕ್ಷಿಯಿಂದ ದೂರಿಗೆ ಆಗುವ ಪೆಟ್ಟು ದೊಡ್ಡದು.

ಬರೆದ ಪುಟದ ಫೋಟೊ ತೆಗೆದು ಅದೇ ರಾತ್ರಿ ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಇಮೇಲಿನ ತಾರೀಖು, ಹೊತ್ತೇ ಒಂದು ಮೊಹರಿನ ಕೆಲಸ ಮಾಡುತ್ತದೆ. ಕಾಲೇಜು ಕೊಟ್ಟ ಇಮೇಲ್ ಖಾತೆ ಬೇಡ, ಅದನ್ನು ಅವರು ಯಾವಾಗ ಬೇಕಾದರೂ ಮುಚ್ಚಬಹುದು.

ವಾಟ್ಸ್ಆ್ಯಪ್ ಸಂದೇಶಗಳಿದ್ದರೆ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ. ಸ್ಕ್ರೀನ್‌ಶಾಟಿನಲ್ಲಿ ಕಳಿಸಿದವರ ಸಂಖ್ಯೆ, ತಾರೀಖು ಕಾಣಬೇಕು. ಕತ್ತರಿಸಿದ ಚಿತ್ರವನ್ನು ನಂಬುವವರು ಕಡಿಮೆ. ಮೂಲ ಸಂದೇಶವನ್ನು ಅಳಿಸಬೇಡಿ, ಫೋನ್ ಬದಲಾಯಿಸಿದರೂ ಹಳೆಯದನ್ನು ಮಾರಬೇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಡಿ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಅದನ್ನು ಕೊಡುವುದು ಸುಲಭ.

ಅಂಕ, ವೈವಾ, ಗೈಡ್: ಇಲ್ಲಿ ಮಾಹಿತಿ ಹಕ್ಕು (ಆರ್‌ಟಿಐ) ಬೇಕು

ಇಂಟರ್ನಲ್ಸ್, ವೈವಾ, ಸಂದರ್ಶನಗಳಲ್ಲಿ ನಡೆಯುವ ತಾರತಮ್ಯಕ್ಕೆ ಆಡಿದ ಮಾತು ಸಾಕ್ಷಿಯಾಗಿ ಸಿಗುವುದಿಲ್ಲ, ಅಂಕಿಗಳೇ ಮಾತಾಡಬೇಕು. ಪಿಎಚ್‌ಡಿ ಪ್ರವೇಶದಲ್ಲಿ ಯುಜಿಸಿಯ 2022ರ ನಿಯಮದಂತೆ ಪ್ರವೇಶ ಪರೀಕ್ಷೆಗೆ 70, ಸಂದರ್ಶನಕ್ಕೆ 30ರ ತೂಕ. ಲಿಖಿತದಲ್ಲಿ ಮೇಲಿದ್ದ ಅಭ್ಯರ್ಥಿಗಳು ಸಂದರ್ಶನದಲ್ಲಿ ಸಾಲಾಗಿ ಕೆಳಗಿಳಿದಿದ್ದರೆ, ಅದು ಒಬ್ಬರ ಅಂಕಪಟ್ಟಿಯಲ್ಲಿ ಕಾಣದು. ವರ್ಗವಾರು ಪಟ್ಟಿಯಲ್ಲಿ ಕಾಣುತ್ತದೆ. ಆದ್ದರಿಂದ 'ಹೆಸರು ಬಿಟ್ಟು, ಪ್ರವರ್ಗ ನಮೂದಿಸಿ, ಎಲ್ಲ ಅಭ್ಯರ್ಥಿಗಳ ಲಿಖಿತ ಮತ್ತು ಸಂದರ್ಶನದ ಅಂಕಗಳು' ಎಂದು ಕೇಳಿ. ಹೆಸರು ಸಮೇತ ಕೇಳಿದರೆ ಖಾಸಗಿ ಮಾಹಿತಿ ಎಂದು ತಿರಸ್ಕರಿಸುವುದು ಸಾಮಾನ್ಯ.

ಕರ್ನಾಟಕದ ಆರ್‌ಟಿಐ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು. ಎರಡು ವಿಷಯ ಸೇರಿಸಿದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ಸಂದರ್ಶನದ ಅಂಕಕ್ಕೆ ಒಂದು ಅರ್ಜಿ, ಇಂಟರ್ನಲ್ಸ್‌ಗೆ ಇನ್ನೊಂದು ಬರೆಯಿರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದ ಒಳಗೆ ಅದೇ ಸಂಸ್ಥೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ 90 ದಿನದ ಒಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬೇಕು. ಕೇಂದ್ರದ ಸಂಸ್ಥೆಯಾದರೆ ಕೇಂದ್ರ ಮಾಹಿತಿ ಆಯೋಗ. ನಿಮ್ಮದೇ ಉತ್ತರ ಪತ್ರಿಕೆ ನೋಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಒಪ್ಪಿದೆ. ತಡ ಮಾಡಬೇಡಿ, ಹಳೆಯ ಉತ್ತರ ಪತ್ರಿಕೆಗಳನ್ನು ನಿಗದಿತ ಅವಧಿ ಮುಗಿದ ಮೇಲೆ ವಿಲೇವಾರಿ ಮಾಡಿಬಿಡುತ್ತಾರೆ. ಖಾಸಗಿ ಕಾಲೇಜಿಗೆ ನೇರವಾಗಿ ಆರ್‌ಟಿಐ ಹಾಕಲಾಗದಿದ್ದರೂ ಅದು ಸಂಯೋಜಿತವಾಗಿರುವ ವಿಶ್ವವಿದ್ಯಾಲಯಕ್ಕೆ ಹಾಕಿ ಅಲ್ಲಿರುವ ದಾಖಲೆ ಕೇಳಬಹುದು.

ಸಂಶೋಧನಾರ್ಥಿಗಳ ತೊಂದರೆ ಬೇರೆ ಬಗೆಯದು. ಗೈಡ್ ಬೈಯುವುದಿಲ್ಲ, ಸಹಿ ಹಾಕುವುದಿಲ್ಲ. ಅಧ್ಯಾಯ ಓದದೆ ಆರು ತಿಂಗಳು ಇಟ್ಟುಕೊಳ್ಳುತ್ತಾರೆ, ಫೆಲೋಶಿಪ್ ಕಾಗದ ಮೇಜಿನಲ್ಲೇ ಉಳಿಯುತ್ತದೆ. ಇದಕ್ಕೆ ಮದ್ದು ಒಂದೇ: ಕೈಯಿಂದ ಕೈಗೆ ಏನನ್ನೂ ಕೊಡಬೇಡಿ. ಪ್ರತಿ ಅಧ್ಯಾಯವನ್ನೂ ಇಮೇಲಿನಲ್ಲಿ ಕಳಿಸಿ, ಹದಿನೈದು ದಿನಕ್ಕೆ ವಿನಯದಿಂದ ಒಂದು ನೆನಪೋಲೆ ಹಾಕಿ. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರಿಗೆ ಒಮ್ಮೆ ಪ್ರಗತಿ ಒಪ್ಪಿಸುವುದು ನಿಯಮ. ಆ ಸಭೆ ಕರೆಯದಿದ್ದರೆ ಕರೆಯಿರೆಂದು ವಿಭಾಗದ ಮುಖ್ಯಸ್ಥರಿಗೆ ಬರೆಯಿರಿ. ನಾಳೆ 'ಕೆಲಸವೇ ಮಾಡಿಲ್ಲ' ಎಂಬ ಆರೋಪ ಬಂದಾಗ ಈ ಇಮೇಲುಗಳ ಸಾಲು ನಿಮ್ಮ ಕೈಹಿಡಿಯುತ್ತದೆ.

ದೂರು ಪತ್ರ

ಎರಡು ಪುಟಕ್ಕಿಂತ ಹೆಚ್ಚು ಬೇಡ. ಮೊದಲ ಪ್ಯಾರಾದಲ್ಲಿ ನೀವು ಯಾರು, ಯಾವ ಕೋರ್ಸು, ನೋಂದಣಿ ಸಂಖ್ಯೆ, ಯಾವ ಜಾತಿ ಅಥವಾ ಪಂಗಡ ಎಂದು ಬರೆದು ಜಾತಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಆಮೇಲೆ ಘಟನೆಗಳನ್ನು ತಾರೀಖಿನ ಕ್ರಮದಲ್ಲಿ 1, 2, 3 ಎಂದು ಹಾಕಿ. ಪ್ರತಿ ಘಟನೆಯ ಕೊನೆಗೆ ಅದಕ್ಕೆ ಯಾವ ಲಗತ್ತು ಆಧಾರ ಎಂದು ಬರೆಯಿರಿ. ಕೊನೆಯಲ್ಲಿ ನಿಮಗೆ ಏನಾಗಬೇಕು ಎಂಬುದನ್ನು ಖಚಿತವಾಗಿ ಕೇಳಿ: ಬೇರೆ ಪರೀಕ್ಷಕರಿಂದ ಮರುಮೌಲ್ಯಮಾಪನ, ಗೈಡ್ ಬದಲಾವಣೆ, ತಡೆದ ಅಂಕಪಟ್ಟಿಯ ಬಿಡುಗಡೆ, ವಿಚಾರಣೆ ಮುಗಿಯುವವರೆಗೆ ಆ ಅಧ್ಯಾಪಕರು ನಿಮ್ಮ ಮೌಲ್ಯಮಾಪನದಿಂದ ದೂರ ಇರುವುದು. 'ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ' ಎಂದು ಬರೆದರೆ ಒಂದು ಎಚ್ಚರಿಕೆಯ ಪತ್ರವೂ ಸೂಕ್ತ ಕ್ರಮವೇ ಆಗಿಬಿಡುತ್ತದೆ.

ನಿಮ್ಮ ಊಹೆಗಳನ್ನು, ಆ ಅಧ್ಯಾಪಕರ ಖಾಸಗಿ ಬದುಕನ್ನು, ಬೇರೆಯವರು ಹೇಳಿದ ಹಳೆಯ ಕತೆಗಳನ್ನು ಬಿಡಿ. ಸುಳ್ಳೆಂದು ತೋರಿಸಬಹುದಾದ ಒಂದು ವಾಕ್ಯ ಸಿಕ್ಕರೂ ಅದನ್ನೇ ಹಿಡಿದು ಉಳಿದ ಹತ್ತನ್ನು ತಳ್ಳಿಹಾಕುತ್ತಾರೆ.

ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. 'ಸರ್ ಬಂದ ಮೇಲೆ ಹಾಕುತ್ತೇವೆ' ಎಂದರೆ ಅಲ್ಲಿ ವಾದ ಬೇಡ. ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ಇಮೇಲೂ ಕಳಿಸಿ. ಗಡುವು ಎಣಿಸುವುದು ಸ್ವೀಕರಿಸಿದ ದಿನದಿಂದ, ಹಾಗಾಗಿ ಆ ತಾರೀಖೇ ಎಲ್ಲಕ್ಕೂ ಆಧಾರ.

ವಿದ್ಯಾರ್ಥಿಯಾದರೆ ಯಾರಿಗೆ

ಮೊದಲ ಮೇಜು ತಾರತಮ್ಯ ವಿರೋಧಿ ಅಧಿಕಾರಿಯದು. 2012ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಮತ್ತು ಈ ಅಧಿಕಾರಿ ಇರಬೇಕು, ದೂರು 60 ದಿನದಲ್ಲಿ ತೀರ್ಮಾನವಾಗಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಸಂಸ್ಥೆಯ ಮುಖ್ಯಸ್ಥರಿಗೆ ಮೇಲ್ಮನವಿ ಹಾಕಬಹುದು. ಅನೇಕ ಕಡೆ ಈ ಅಧಿಕಾರಿ ಯಾರೆಂದು ಕಚೇರಿಯವರಿಗೇ ಗೊತ್ತಿರುವುದಿಲ್ಲ. ಆಗ ದೂರನ್ನು ಪ್ರಾಂಶುಪಾಲರ ಅಥವಾ ಕುಲಸಚಿವರ ಹೆಸರಿಗೆ ಬರೆದು, 'ತಾರತಮ್ಯ ವಿರೋಧಿ ಅಧಿಕಾರಿಯ ನೇಮಕವಾಗಿದ್ದರೆ ಅವರಿಗೆ ಒಪ್ಪಿಸಬೇಕು, ಆಗಿಲ್ಲದಿದ್ದರೆ ಹಾಗೆಂದು ಲಿಖಿತವಾಗಿ ತಿಳಿಸಬೇಕು' ಎಂಬ ಸಾಲು ಸೇರಿಸಿ. ಆ ಉತ್ತರವೇ ಮುಂದೆ ಆಯೋಗದ ಮುಂದೆ ನಿಮ್ಮ ಬಲವಾದ ಲಗತ್ತು.

ಎರಡನೆಯದು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. 2023ರ ಯುಜಿಸಿ ನಿಯಮದಂತೆ ಇದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಿತಿಯಲ್ಲಿ ಒಬ್ಬ ಮಹಿಳೆಯೂ, ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದ ಒಬ್ಬರೂ ಇರಲೇಬೇಕು. ಇಲ್ಲದಿದ್ದರೆ ವಿಚಾರಣೆಗೆ ಮುನ್ನವೇ ಲಿಖಿತ ಆಕ್ಷೇಪ ಕೊಡಿ. ಅಲ್ಲಿಯ ತೀರ್ಮಾನದ ಮೇಲೆ 15 ದಿನದಲ್ಲಿ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿಗೆ, ಹೋಗಬಹುದು. ಅವರಿಗೆ 30 ದಿನದ ಗಡುವು. ಓಂಬುಡ್ಸ್‌ಪರ್ಸನ್ ಸಾಮಾನ್ಯವಾಗಿ ಮರುಮೌಲ್ಯಮಾಪನದ ಅರ್ಜಿ ಕೇಳುವುದಿಲ್ಲ, ಆದರೆ ನಿರ್ದಿಷ್ಟ ತಾರತಮ್ಯದ ಘಟನೆ ತೋರಿಸಿದರೆ ಕೇಳಬಹುದು ಎಂದು ನಿಯಮದಲ್ಲೇ ಇದೆ. ಅಂಕದ ದೂರಿನವರು ಈ ಮಾತನ್ನು ಅರ್ಜಿಯಲ್ಲಿ ತಪ್ಪದೆ ಎತ್ತಿ ಹೇಳಬೇಕು.

ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಅಂಗವಿಕಲ ವಿದ್ಯಾರ್ಥಿಗಳಿಗೂ ಈ ಸಮಿತಿಯ ದಾರಿ ತೆರೆದಿದೆ. ಕಿರುಕುಳ ಕೊಡುತ್ತಿರುವವರು ಸಹಪಾಠಿಗಳೋ ಸೀನಿಯರ್‌ಗಳೋ ಆಗಿದ್ದರೆ ರ‍್ಯಾಗಿಂಗ್ ವಿರೋಧಿ ನಿಯಮ ಇನ್ನೂ ಬೇಗ ಕೆಲಸ ಮಾಡುತ್ತದೆ. 2016ರ ತಿದ್ದುಪಡಿಯಿಂದ ಜಾತಿ, ಧರ್ಮ, ಭಾಷೆ, ಹುಟ್ಟೂರು, ಬಡತನದ ಹೆಸರಿನಲ್ಲಿ ಹೀಯಾಳಿಸುವುದು, ಹೊರಗಿಡುವುದು ಕೂಡ ರ‍್ಯಾಗಿಂಗೇ. ಸಹಾಯವಾಣಿ 1800-180-5522.

ಐಐಟಿ, ಐಐಎಂ, ಎನ್‌ಐಟಿಗಳು ಯುಜಿಸಿಯ ಕೆಳಗೆ ಬರುವುದಿಲ್ಲ. ಅಲ್ಲಿ ಸಂಸ್ಥೆಯ ಎಸ್‌ಸಿ/ಎಸ್‌ಟಿ ಕೋಶಕ್ಕೆ ಕೊಟ್ಟು, ಪ್ರತಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯಕ್ಕೂ ರಾಷ್ಟ್ರೀಯ ಆಯೋಗಕ್ಕೂ ಕಳಿಸಿ.

ಅಧ್ಯಾಪಕರಾದರೆ

2012ರ ನಿಯಮಾವಳಿ ವಿದ್ಯಾರ್ಥಿಗಳನ್ನು ಕಾಯಲೆಂದು ಬರೆದದ್ದು. ಅಧ್ಯಾಪಕರು ಅದೇ ನಿಯಮ ಹಿಡಿದು ದೂರು ಕೊಟ್ಟರೆ 'ನಿಮಗೆ ಅನ್ವಯಿಸದು' ಎಂದು ವಾಪಸು ಬರುತ್ತದೆ, ತಿಂಗಳುಗಳು ಹಾಳು. ನಿಮ್ಮ ದಾರಿ ಎಸ್‌ಸಿ/ಎಸ್‌ಟಿ ಕೋಶ, ಸಂಪರ್ಕಾಧಿಕಾರಿ, ನಂತರ ಆಯೋಗ. ರಾಜ್ಯದಲ್ಲಿ ಕರ್ನಾಟಕ ರಾಜ್ಯ ಅನುಸೂಚಿತ ಜಾತಿಗಳು ಮತ್ತು ಅನುಸೂಚಿತ ಬುಡಕಟ್ಟುಗಳ ಆಯೋಗ ಇದೆ. ಕೇಂದ್ರದಲ್ಲಿ ಸಂವಿಧಾನದ 338, 338ಎ, 338ಬಿ ವಿಧಿಗಳಡಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಒಂದೊಂದು ಆಯೋಗವಿದೆ. ಇವುಗಳಿಗೆ ಅಧಿಕಾರಿಗಳನ್ನು ಕರೆಸುವ, ಕಡತ ತರಿಸುವ ಸಿವಿಲ್ ಕೋರ್ಟಿನ ಅಧಿಕಾರವಿದೆ. ಆದರೆ ವರ್ಗಾವಣೆಗೋ ಅಮಾನತಿಗೋ ತಡೆಯಾಜ್ಞೆ ಬೇಕೆಂದರೆ ಹೈಕೋರ್ಟಿಗೇ ಹೋಗಬೇಕು, ಆಯೋಗ ಅದನ್ನು ಕೊಡಲಾರದು. ಕೋರ್ಟಿನಲ್ಲಿರುವ ವಿಷಯವನ್ನು ಆಯೋಗ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ಯಾವುದು ಮೊದಲು ಎಂಬುದನ್ನು ವಕೀಲರ ಜೊತೆ ಕೂತು ತೀರ್ಮಾನಿಸಿ.

ಅಧ್ಯಾಪಕರ ತಾರತಮ್ಯ ಹೆಚ್ಚಾಗಿ ಕಡತದಲ್ಲಿ ಅಡಗಿರುತ್ತದೆ: ಬಡ್ತಿ ಕಡತ ಮುಂದೆ ಹೋಗದಿರುವುದು, ಪಿಎಚ್‌ಡಿ ವಿದ್ಯಾರ್ಥಿಗಳನ್ನು ಹಂಚದಿರುವುದು, ಸೇವಾ ಹಿರಿತನವಿದ್ದರೂ ಮುಖ್ಯಸ್ಥರ ಸ್ಥಾನ ತಪ್ಪುವುದು, ಮೀಸಲು ಹುದ್ದೆಗೆ 'ಅರ್ಹರು ಸಿಗಲಿಲ್ಲ' ಎಂಬ ಷರಾ. ನಿಮ್ಮ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಏನು ಬರೆದಿದ್ದಾರೆ ಎಂದು ಪ್ರತಿ ವರ್ಷ ಲಿಖಿತವಾಗಿ ಕೇಳಿ. ಸರ್ಕಾರಿ ನೌಕರರ ವರದಿಯ ಪ್ರತಿ ನಮೂದನ್ನೂ ಅವರಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಬಡ್ತಿ ಸಮಯದಲ್ಲಿ ಹಳೆಯ 'ಸಾಧಾರಣ' ಷರಾ ತೆಗೆದು ತೋರಿಸಿದಾಗ ಆಘಾತಪಡುವ ಬದಲು ಪ್ರತಿ ವರ್ಷವೇ ಆಕ್ಷೇಪ ಸಲ್ಲಿಸಿರುವುದು ಲೇಸು. ನೇಮಕಾತಿಯ ದೂರಾದರೆ ಯಾವ ಹುದ್ದೆ ಯಾರಿಗೆ ಮೀಸಲು ಎಂದು ತೋರಿಸುವ ರೋಸ್ಟರ್ ರಿಜಿಸ್ಟರಿನ ಪ್ರತಿಯನ್ನೂ ಆಯ್ಕೆ ಸಮಿತಿಯ ನಡಾವಳಿಯನ್ನೂ ಆರ್‌ಟಿಐನಲ್ಲಿ ಕೇಳಿ.

ಅತಿಥಿ ಉಪನ್ಯಾಸಕರ ಸ್ಥಿತಿ ಎಲ್ಲರಿಗಿಂತ ಕಷ್ಟ. ಮುಂದಿನ ಸೆಮಿಸ್ಟರಿಗೆ 'ವರ್ಕ್‌ಲೋಡ್ ಇಲ್ಲ' ಎಂದರೆ ಮುಗಿಯಿತು. ಅವರು ದೂರಿಗೆ ಮುನ್ನವೇ ಈಗಿನ ವೇಳಾಪಟ್ಟಿ, ಕಾರ್ಯಭಾರದ ಹಂಚಿಕೆ, ನೇಮಕಾತಿ ಆದೇಶಗಳ ಪ್ರತಿ ತೆಗೆದಿಟ್ಟುಕೊಳ್ಳಬೇಕು. ದೂರಿನ ನಂತರ ಅದೇ ಗಂಟೆಗಳನ್ನು ಬೇರೆಯವರಿಗೆ ಕೊಟ್ಟರೆ ಸೇಡಿನ ಕ್ರಮವೆಂದು ತೋರಿಸಲು ಬೇರೆ ಆಧಾರ ಸಿಗದು.

ಪೊಲೀಸ್ ಠಾಣೆಗೆ ಹೋಗುವುದಾದರೆ

1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಆ ಸಮುದಾಯಗಳಿಗೆ ಸೇರದವರು ಎಸಗಿದ ಕೃತ್ಯಗಳಿಗೆ ಮಾತ್ರ. ಕಲಂ 3(1)(ಆರ್) ಅವಮಾನಕ್ಕೆ, 3(1)(ಎಸ್) ಜಾತಿ ಹೆಸರಿನ ಬೈಗುಳಕ್ಕೆ. ಎರಡಕ್ಕೂ ಕೃತ್ಯ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ನಡೆದಿರಬೇಕು. ತುಂಬಿದ ತರಗತಿ, ಕಾರಿಡಾರು ಈ ವ್ಯಾಪ್ತಿಗೆ ಬರುತ್ತವೆ. ಬಾಗಿಲು ಹಾಕಿದ ಕೋಣೆಯಲ್ಲಿ ನೀವಿಬ್ಬರೇ ಇದ್ದಾಗ ಆಡಿದ ಮಾತು ಈ ಎರಡು ಕಲಮುಗಳಡಿ ನಿಲ್ಲುವುದು ಕಷ್ಟ, ಸುಪ್ರೀಂ ಕೋರ್ಟಿನ 2020ರ ಹಿತೇಶ್ ವರ್ಮಾ ತೀರ್ಪಿನ ನಂತರವಂತೂ. ಅಂಥ ಮಾತನ್ನು ಸಂಸ್ಥೆಯ ಸಮಿತಿಯ ಮುಂದೆ ಇಡಿ, ಅಲ್ಲಿ ಈ ಷರತ್ತು ಇಲ್ಲ.

ಠಾಣೆಯ ದೂರಿನಲ್ಲಿ ನಾಲ್ಕು ಸಂಗತಿ ಇರಲೇಬೇಕು: ನಿಮ್ಮ ಜಾತಿ, ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಲ್ಲ ಎಂಬುದು, ಅವರಿಗೆ ನಿಮ್ಮ ಜಾತಿ ಗೊತ್ತಿತ್ತು ಎಂಬುದು, ಆ ಮಾತು ಕೇಳಿಸಿಕೊಂಡ ಹೊರಗಿನವರು ಯಾರು ಎಂಬುದು. ಇವನ್ನು ಬಿಟ್ಟ ಎಫ್ಐಆರ್‌ಗಳು ಹೈಕೋರ್ಟಿನಲ್ಲಿ ರದ್ದಾಗುವ ಅಪಾಯ ದೊಡ್ಡದು. ಆಡಿದ ಪದವನ್ನು, ಎಷ್ಟೇ ಹೇಸಿಗೆಯದಾದರೂ, ಇದ್ದಂತೆಯೇ ಬರೆಸಿ. 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂದು ಠಾಣೆಯವರು ಬರೆದುಕೊಂಡರೆ ಜಾತಿ ನಿಂದನೆಯೇ ಅಲ್ಲಿಂದ ಮಾಯವಾಗುತ್ತದೆ. ಸಹಿ ಹಾಕುವ ಮುನ್ನ ಓದಿ.

ಕಲಂ 18ಎ ಪ್ರಕಾರ ಎಫ್ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ದಾಖಲಿಸದೆ ಹಿಂಬರಹ, ಅಂದರೆ ಎಂಡಾರ್ಸ್‌ಮೆಂಟ್, ಕೊಟ್ಟು ಕಳಿಸಿದರೆ ಆ ಹಿಂಬರಹವನ್ನೂ ಇಟ್ಟುಕೊಂಡು ಎಸ್‌ಪಿಗೆ, ನಗರದಲ್ಲಾದರೆ ಡಿಸಿಪಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ವಿಶೇಷ ನ್ಯಾಯಾಲಯಕ್ಕೆ ಖಾಸಗಿ ದೂರು ಕೊಡಬಹುದು. ತನಿಖೆ ಡಿವೈಎಸ್‌ಪಿ ಅಥವಾ ಅದಕ್ಕೂ ಮೇಲಿನ ದರ್ಜೆಯ ಅಧಿಕಾರಿಯಿಂದಲೇ ಆಗಬೇಕು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ, ಅಂದರೆ ಡಿಸಿಆರ್‌ಇ, ಇನ್ನೊಂದು ಬಾಗಿಲು. ಬೆಂಗಳೂರಿನ ಐಐಎಂನ ದಲಿತ ಪ್ರಾಧ್ಯಾಪಕರೊಬ್ಬರ ದೂರನ್ನು ಡಿಸಿಆರ್‌ಇ ವಿಚಾರಣೆ ಮಾಡಿದ ಮೇಲೆಯೇ 2024ರ ಡಿಸೆಂಬರಿನಲ್ಲಿ ಎಫ್ಐಆರ್ ಆದದ್ದು. ಸಂಸ್ಥೆ ಆರೋಪಗಳನ್ನು ನಿರಾಕರಿಸಿತು, ಹೈಕೋರ್ಟ್ ತನಿಖೆಗೆ ತಡೆ ಕೊಟ್ಟಿತು. ಕೇಂದ್ರದ ಸಂಸ್ಥೆಯ ಅಧ್ಯಾಪಕರಿಗೂ ಈ ಬಾಗಿಲು ತೆರೆದಿದೆ ಎಂಬುದನ್ನು ಇದರಿಂದ ತಿಳಿಯಬಹುದು. ಹಾದಿ ಉದ್ದ ಎಂಬುದನ್ನೂ. ರಾಷ್ಟ್ರೀಯ ದೌರ್ಜನ್ಯ ತಡೆ ಸಹಾಯವಾಣಿ 14566. ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡಬೇಕು, ಸಂಖ್ಯೆ 15100.

ದೂರು ಕೊಟ್ಟ ಮೇಲೆ

ಮೊದಲು ಬರುವುದು ರಾಜಿಯ ಮಾತು. 'ನಿನ್ನ ಭವಿಷ್ಯ ನೋಡಿಕೋ', 'ಅವರಿಗೆ ರಿಟೈರ್ ಆಗಲು ಎರಡೇ ವರ್ಷ', ಕೊನೆಗೆ ಅಪ್ಪ ಅಮ್ಮನಿಗೆ ಫೋನು. ಮನೆಯವರಿಗೆ ನೀವೇ ಮೊದಲು ಹೇಳಿರಿ. ಮಾತುಕತೆಗೆ ಕರೆದರೆ ಒಬ್ಬರೇ ಹೋಗಬೇಡಿ. ಹೋಗಿಬಂದ ಮೇಲೆ, 'ಇಂದು ಕರೆದು ಇಂಥಿಂಥದ್ದು ಹೇಳಿದಿರಿ, ನನ್ನ ದೂರು ಹಾಗೆಯೇ ಇದೆ' ಎಂದು ಒಂದು ಇಮೇಲ್ ಹಾಕಿ. ಖಾಲಿ ಹಾಳೆಗೆ, ಓದಲು ಬಿಡದ ಹಾಳೆಗೆ ಸಹಿ ಮಾಡಬೇಡಿ.

ಆಮೇಲೆ ಸೇಡಿನ ಕ್ರಮಗಳು ಶುರುವಾಗಬಹುದು: ಅಟೆಂಡೆನ್ಸ್ ಶಾರ್ಟೇಜ್, ಹಾಸ್ಟೆಲಿನಿಂದ ತೆಗೆಯುವುದು, ಸ್ಕಾಲರ್‌ಶಿಪ್ ಅರ್ಜಿಗೆ ಕಾಲೇಜಿನ ಅನುಮೋದನೆ ನಿಲ್ಲಿಸುವುದು. ದೂರು ಕೊಟ್ಟ ದಿನವೇ ನಿಮ್ಮ ಹಾಜರಾತಿಯ ಪ್ರತಿಯನ್ನೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನ ಅರ್ಜಿ ಸ್ಥಿತಿಯ ಸ್ಕ್ರೀನ್‌ಶಾಟನ್ನೂ ತೆಗೆದಿಟ್ಟಿದ್ದರೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಪಕ್ಕಪಕ್ಕ ತೋರಿಸಬಹುದು. ಪ್ರತಿ ಹೊಸ ಕ್ರಮವನ್ನೂ ಅದೇ ದೂರಿಗೆ ಪೂರಕ ಪತ್ರವಾಗಿ ಸೇರಿಸಿ, ಬೇರೆ ದೂರಾಗಿ ಕೊಡಬೇಡಿ. ಬಿಡಿಬಿಡಿಯಾಗಿ ಕೊಟ್ಟರೆ ಅವುಗಳ ನಂಟು ಯಾರಿಗೂ ಕಾಣುವುದಿಲ್ಲ. ಮೂಲ ಅಂಕಪಟ್ಟಿ, ಟಿಸಿ ತಡೆಹಿಡಿದರೆ ಅದು 2023ರ ನಿಯಮದಡಿ ಪ್ರತ್ಯೇಕ ಕುಂದುಕೊರತೆಯೂ ಹೌದು.

60 ದಿನ ಕಳೆದರೂ ಮೌನವಾಗಿದ್ದರೆ 61ನೇ ದಿನ ಒಂದು ಸಾಲಿನ ನೆನಪೋಲೆ ಕೊಟ್ಟು, ಮೂಲ ದೂರು ಮತ್ತು ಸ್ವೀಕೃತಿಯ ಪ್ರತಿ ಸಮೇತ ಯುಜಿಸಿಯ ಇ-ಸಮಾಧಾನ್ ಪೋರ್ಟಲಿಗೂ ಆಯೋಗಕ್ಕೂ ಕಳಿಸಿ. ಪೊಲೀಸ್ ಪ್ರಕರಣದಲ್ಲಿ ಬಿ ರಿಪೋರ್ಟ್, ಅಂದರೆ ಆರೋಪಕ್ಕೆ ಆಧಾರ ಸಿಗಲಿಲ್ಲವೆಂಬ ಅಂತಿಮ ವರದಿ, ಹಾಕಿದರೆ ಕೇಸು ಮುಗಿಯಿತೆಂದು ಕೈಬಿಡಬೇಡಿ. ಅದರ ಪ್ರತಿ ಮತ್ತು ನೋಟಿಸು ನಿಮಗೆ ಬರಬೇಕು, ಬಂದ ಮೇಲೆ ಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು. ಆರೋಪಿ ಜಾಮೀನು ಕೇಳಿದಾಗಲೂ ದೌರ್ಜನ್ಯ ತಡೆ ಕಾಯ್ದೆಯ ಕಲಂ 15ಎ ಪ್ರಕಾರ ನಿಮ್ಮ ಮಾತು ಕೇಳಲೇಬೇಕು. ಆ ದಿನ ಕೋರ್ಟಿಗೆ ಹೋಗುವಾಗ ಪುಟಸಂಖ್ಯೆ ಹಾಕಿದ ನೋಟ್‌ಬುಕ್, ಸ್ವೀಕೃತಿ ಪ್ರತಿಗಳು, ಹಿಂಬರಹ ಎಲ್ಲ ಒಂದೇ ಫೈಲಿನಲ್ಲಿರಲಿ. ಮೂಲಗಳು ನಿಮ್ಮ ಕೈಯಲ್ಲೇ ಇರಬೇಕು, ವಕೀಲರಿಗೂ ಜೆರಾಕ್ಸ್ ಮಾತ್ರ ಕೊಡಿ.